ಸ್ಪ್ಯಾನಿಷ್‌ನ ಗೊಂದಲದ ಕ್ರಿಯಾಪದಗಳು: ಇಂಗ್ಲಿಷ್ ಬದಿಗಿಡಿ, ಕನ್ನಡದಲ್ಲೇ ಯೋಚಿಸಿ

ಸ್ಪ್ಯಾನಿಷ್ ಕಲಿಯೋಕೆ ಹೊರಟ ನಮ್ಮವರು ಬಹುಮಟ್ಟಿಗೆ ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪುಸ್ತಕ ಇಂಗ್ಲಿಷ್‌ನಲ್ಲಿ, ಆ್ಯಪ್ ಇಂಗ್ಲಿಷ್‌ನಲ್ಲಿ, ವಿಡಿಯೋನೂ ಇಂಗ್ಲಿಷ್‌ನಲ್ಲೇ. ಹಾಗಾಗಿ ಇಂಗ್ಲಿಷಿನವರಿಗೆ ಏನು ಕಷ್ಟವೋ ಅದೇ ನಮಗೂ ಕಷ್ಟ ಅಂತ ನಂಬಿಬಿಡುತ್ತೇವೆ. ಆದರೆ 'ಸೆರ್' ಮತ್ತು 'ಎಸ್ತಾರ್' (ಎರಡೂ ಇರು, ಆಗಿರು), 'ತೆನೆರ್' (ಹೊಂದಿರು) ಮತ್ತು 'ಗುಸ್ತಾರ್' (ಇಷ್ಟವಾಗು), 'ಲಾಬಾರ್' (ತೊಳೆ) ಮತ್ತು 'ಲಾಬಾರ್ಸೆ' (ತೊಳ್ಕೋ), ಈ ಜೋಡಿಗಳನ್ನು ಬೇರೆ ಮಾಡೋ ಸಾಮಾನು ಕನ್ನಡದ ಒಳಗೇ ಇದೆ. ನೀವು ದಿನಾ ಬಳಸುತ್ತಿದ್ದೀರಿ. ಒಂದೊಂದು ಪದಕ್ಕೆ ಅರ್ಥ ಹುಡುಕಬೇಡಿ, ಇಡೀ ಕನ್ನಡ ವಾಕ್ಯವನ್ನು ನೋಡಿ. ವಿಭಕ್ತಿ ಏನಿದೆ, ಕೊನೆಗೆ 'ಇದೆ' ಬರುತ್ತಾ ಇಲ್ವಾ, 'ಕೊಳ್ಳು' ಅಂಟಿಕೊಂಡಿದೆಯಾ, ಇಷ್ಟು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತೆ. ಕನ್ನಡ ಕೈಕೊಡುವ ಜಾಗಗಳೂ ಇವೆ, ಅವನ್ನೂ ಹೇಳುತ್ತೇನೆ.

ಉಚ್ಚಾರಣೆ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನಲ್ಲಿ ವಿ ಅಕ್ಷರಕ್ಕೂ ಬಿ ಅಕ್ಷರಕ್ಕೂ ಒಂದೇ ಸದ್ದು, ಎಚ್‌ಗೆ ಸದ್ದೇ ಇಲ್ಲ, ಜೆ ಅಂದರೆ ಹ. ಇಲ್ಲಿ ಕಿವಿಗೆ ಬೀಳುವಂತೆ, ಲ್ಯಾಟಿನ್ ಅಮೆರಿಕದ ರೀತಿಯಲ್ಲಿ ಬರೆದಿದ್ದೇನೆ.

ಸೆರ್, ಎಸ್ತಾರ್: 'ಇದೆ' ಬೇಕಾ ಬೇಡವಾ?

ಕೆಳಗಿನ ವಾಕ್ಯಗಳಲ್ಲಿ 'ಎಸ್', 'ಸೊನ್' ಬಂದರೆ ಅವು ಸೆರ್‌ನ ರೂಪ, 'ಎಸ್ತಾ', 'ಎಸ್ತೊಯ್' ಬಂದರೆ ಎಸ್ತಾರ್‌ನ ರೂಪ. ಎಲ್ಲರಿಗೂ ಮೊದಲು ಹೇಳಿಕೊಡೋ ಸೂತ್ರ ಇದು: ಶಾಶ್ವತವಾದದ್ದಕ್ಕೆ ಸೆರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ದಯವಿಟ್ಟು ಇದನ್ನು ಮರೆತುಬಿಡಿ. ಮ್ಯಾಡ್ರಿಡ್ ಸ್ಪೇನ್ ಬಿಟ್ಟು ಎಲ್ಲಿಗೂ ಹೋಗೋದಿಲ್ಲ, ಆದರೂ 'ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ'. ಸಾವಿಗಿಂತ ಶಾಶ್ವತ ಯಾವುದಿದೆ? ಆದರೂ 'ಎಸ್ತಾ ಮ್ವೆರ್ತೊ'. ಮೂರು ಗಂಟೆ ಅನ್ನೋದು ಒಂದು ನಿಮಿಷಕ್ಕೆ ಕಳೆದುಹೋಗುತ್ತೆ, ಆದರೂ ಅಲ್ಲಿ ಸೆರ್: 'ಸೊನ್ ಲಾಸ್ ತ್ರೆಸ್'.

ಈಗ ಅದೇ ಮೂರನ್ನು ಕನ್ನಡದಲ್ಲಿ ಹೇಳಿ. ಮ್ಯಾಡ್ರಿಡ್ ಸ್ಪೇನಿನಲ್ಲಿದೆ. ಅವನು ಸತ್ತುಹೋಗಿದ್ದಾನೆ. ಈಗ ಮೂರು ಗಂಟೆ. ಮೊದಲ ಎರಡರಲ್ಲಿ 'ಇರು' ಇದೆ, ಮೂರನೆಯದರಲ್ಲಿ ಕ್ರಿಯಾಪದವೇ ಇಲ್ಲ. 'ಇರು' ಬಂದಲ್ಲಿ ಎಸ್ತಾರ್, ಕ್ರಿಯಾಪದ ಇಲ್ಲದಲ್ಲಿ ಸೆರ್. ಇನ್ನಷ್ಟು ಪರೀಕ್ಷೆ ಮಾಡಿ ನೋಡಿ. ಅವನು ಡಾಕ್ಟರ್: 'ಎಸ್ ಮೆದಿಕೊ'. ಇವತ್ತು ಸೋಮವಾರ: 'ಓಯ್ ಎಸ್ ಲುನೆಸ್'. ಇದು ನನ್ನದು, ಇದು ಮರದ್ದು, ಅವಳು ಹಾಸನದವಳು, ಎಲ್ಲವೂ ಸೆರ್. ಆ ಕಡೆ ಬಾಗಿಲು ಮುಚ್ಚಿದೆ: 'ಲಾ ಪ್ವೆರ್ತಾ ಎಸ್ತಾ ಸೆರ್ರಾದಾ'. ನನಗೆ ಸುಸ್ತಾಗಿದೆ: 'ಎಸ್ತೊಯ್ ಕನ್ಸಾದೊ', ಹೇಳೋದು ಹೆಂಗಸಾದರೆ 'ಕನ್ಸಾದಾ'. ಅಮ್ಮ ಮನೇಲಿದ್ದಾಳೆ, ಮಗು ಅಳ್ತಾ ಇದೆ, ಇವೆರಡೂ ಎಸ್ತಾರ್.

ಗುಣ ಹೇಳುವಾಗ ಮಾತ್ರ ಸ್ವಲ್ಪ ಹುಷಾರಾಗಿರಬೇಕು. 'ಅವಳು ಎತ್ತರ ಇದ್ದಾಳೆ' ಅಂತಲೂ ನಾವು ಹೇಳುತ್ತೇವೆ, ಆದರೆ ಸ್ಪ್ಯಾನಿಷ್‌ನಲ್ಲಿ 'ಎಸ್ ಆಲ್ತಾ'. ಇಲ್ಲಿ ಎರಡನೇ ಪರೀಕ್ಷೆ ಮಾಡಿ: ಆ ಗುಣದ ಕೊನೆಗೆ ಅವನು, ಅವಳು, ಅದು ಸೇರಿಸಿ ಸಹಜವಾಗಿ ಹೇಳೋಕೆ ಬರುತ್ತಾ? ಎತ್ತರದವಳು, ಒಳ್ಳೆಯವನು, ದೊಡ್ಡದು, ಸುಲಭದ್ದು. ಬಂದರೆ ಸೆರ್. 'ಅವನು ಒಳ್ಳೆಯವನು' ಅಂದರೆ 'ಎಸ್ ಬ್ವೆನೊ', 'ಅವನು ಚೆನ್ನಾಗಿದ್ದಾನೆ, ಆರೋಗ್ಯವಾಗಿದ್ದಾನೆ' ಅಂದರೆ 'ಎಸ್ತಾ ಬಿಯೆನ್'. ಕಾಫಿ ಬಿಸಿ ಇದೆ ಅನ್ನುತ್ತೇವೆ, ಬಿಸಿಯದು ಅನ್ನಲ್ಲ, ಅದಕ್ಕೇ ಎಸ್ತಾರ್.

ಒಂದೇ ಪದ ಎರಡೂ ಕಡೆ ಬಂದು ಅರ್ಥ ಬದಲಾಗೋ ಜೋಡಿಗಳಿಗೂ ಈ ಪರೀಕ್ಷೆ ನಡೆಯುತ್ತೆ. 'ಎಸ್ ಲಿಸ್ತೊ' ಅಂದರೆ ಬುದ್ಧಿವಂತ, 'ಎಸ್ತಾ ಲಿಸ್ತೊ' ಅಂದರೆ ರೆಡಿಯಾಗಿದ್ದಾನೆ. 'ಎಸ್ ರಿಕೊ' ಅಂದರೆ ಶ್ರೀಮಂತ, ಊಟದ ಬಗ್ಗೆ 'ಎಸ್ತಾ ರಿಕೊ' ಅಂದರೆ ರುಚಿಯಾಗಿದೆ. 'ಎಸ್ ಅಬುರ್ರಿದೊ' ಅಂದರೆ ಬೋರ್ ಹೊಡೆಸೋ ಮನುಷ್ಯ, 'ಎಸ್ತಾ ಅಬುರ್ರಿದೊ' ಅಂದರೆ ಅವನಿಗೇ ಬೋರಾಗಿದೆ. ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು 'ಬೆರ್ದೆ'. 'ಎಸ್ ಬೆರ್ದೆ' ಅಂದರೆ ಹಸಿರು ಬಣ್ಣದ್ದು, 'ಎಸ್ತಾ ಬೆರ್ದೆ' ಅಂದರೆ ಇನ್ನೂ ಕಾಯಾಗಿದೆ, ಹಣ್ಣಾಗಿಲ್ಲ.

ಕಾರ್ಯಕ್ರಮ ಎಲ್ಲಿ ಅಂತ ಹೇಳುವಾಗ ಒಂದು ವಿಶೇಷ. ಮನುಷ್ಯ, ವಸ್ತು, ಊರು ಎಲ್ಲಿದೆ ಅನ್ನೋಕೆ ಎಸ್ತಾರ್. ಆದರೆ ಮದುವೆ, ಮೀಟಿಂಗ್, ಪಾರ್ಟಿಗೆ ಸೆರ್: 'ಲಾ ಬೋದಾ ಎಸ್ ಎನ್ ಮೈಸೂರ್'. 'ಮದುವೆ ಮೈಸೂರಿನಲ್ಲಿ' ಅಂತ ಕ್ರಿಯಾಪದ ಇಲ್ಲದೆ ನಾವೂ ಹೇಳುತ್ತೇವಲ್ಲ, ಹಾಗೇ. 'ನಡೆಯುತ್ತೆ' ಅಂತ ಸೇರಿಸೋಕೆ ಬಂದರೆ ಸೆರ್ ಅಂದುಕೊಳ್ಳಿ.

'ಊರು ಸುಂದರವಾಗಿದೆ' ಥರದ ವಾಕ್ಯದಲ್ಲಿ 'ಇದೆ' ನಂಬಿದರೆ ದಾರಿ ತಪ್ಪುತ್ತೆ. ಊರಿನ ಗುಣ ಅದು, ಹಾಗಾಗಿ ಸಾಮಾನ್ಯವಾಗಿ 'ಎಸ್ ಬೊನಿತೊ'. ಇಂಥ ಕಡೆ ಎರಡನೇ ಪರೀಕ್ಷೆಯನ್ನೇ ಹಿಡಿಯಿರಿ.

'ಆಯ್' ಮತ್ತು 'ಎಸ್ತಾ'

ಕನ್ನಡದಲ್ಲಿ ಎರಡೂ 'ಇದೆ'ಯೇ, ಬೇರೆ ಮಾಡೋಕೆ ಪದಗಳ ಸಾಲು ನೋಡಿದರೆ ಸಾಕು. 'ಮೇಜಿನ ಮೇಲೆ ಪುಸ್ತಕ ಇದೆ', ಜಾಗ ಮೊದಲು, ವಸ್ತು ಆಮೇಲೆ: 'ಆಯ್ ಉನ್ ಲಿಬ್ರೊ'. 'ಪುಸ್ತಕ ಮೇಜಿನ ಮೇಲಿದೆ', ಯಾವ ಪುಸ್ತಕ ಅಂತ ಇಬ್ಬರಿಗೂ ಗೊತ್ತು: 'ಎಲ್ ಲಿಬ್ರೊ ಎಸ್ತಾ'. ಇಲ್ಲಿ ಹತ್ತಿರ ಬ್ಯಾಂಕ್ ಇದೆಯಾ ಅಂತ ಕೇಳೋಕೆ 'ಆಯ್', ಆ ಬ್ಯಾಂಕ್ ಎಲ್ಲಿದೆ ಅಂತ ಕೇಳೋಕೆ 'ದೊಂದೆ ಎಸ್ತಾ'. 'ಆಯ್' ಜೊತೆ 'ಎಲ್', 'ಲಾ' ಹಾಕಬೇಡಿ.

'ನನಗೆ' ಅಂತ ಶುರುವಾದರೆ

ಇಂಗ್ಲಿಷಿನವರು ತಲೆ ಕೆರೆದುಕೊಳ್ಳೋ ಜಾಗ ಇದು, ಕನ್ನಡಿಗರಿಗೆ ಮನೆಯಂಗಳ. ನನಗೆ ಹಸಿವು, ನನಗೆ ಬಾಯಾರಿಕೆ, ನನಗೆ ಚಳಿ, ನನಗೆ ಸೆಕೆ, ನನಗೆ ನಿದ್ದೆ, ನನಗೆ ಭಯ, ನನಗೆ ಅರ್ಜೆಂಟು, ನನಗೆ 20 ವರ್ಷ. ಇವೆಲ್ಲಕ್ಕೂ 'ತೆನೆರ್': 'ತೆಂಗೊ ಆಂಬ್ರೆ', 'ತೆಂಗೊ ಸೆದ್', 'ತೆಂಗೊ ಫ್ರಿಯೊ', 'ತೆಂಗೊ ಕಲೋರ್', 'ತೆಂಗೊ ಸ್ವೆನ್ಯೊ', 'ತೆಂಗೊ ಮಿಯೆದೊ', 'ತೆಂಗೊ ಪ್ರಿಸಾ', 'ತೆಂಗೊ ಬೆಯ್ಂತೆ ಆನ್ಯೊಸ್'. ಸೆಕೆ ಅನ್ನೋಕೆ ಹೋಗಿ 'ಎಸ್ತೊಯ್ ಕಲಿಯೆಂತೆ' ಅನ್ನಬೇಡಿ, ಅದಕ್ಕೆ ಕಾಮದ ಅರ್ಥ ಬರುತ್ತೆ.

'ನನಗೆ' ಆದಮೇಲೆ ಇಷ್ಟ, ನೋವು, ಅನಿಸೋದು, ಹಿಡಿಸೋದು ಬಂದರೆ ಆಗ 'ಮೆ' ಹಾಕಿ ಕ್ರಿಯಾಪದ: 'ಮೆ ಗುಸ್ತಾ', 'ಮೆ ದ್ವೆಲೆ', 'ಮೆ ಪರೆಸೆ', 'ಮೆ ಇಂತೆರೆಸಾ'. 'ಗುಸ್ತಾರ್' ಉಲ್ಟಾ ಕ್ರಿಯಾಪದ ಅಂತ ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ನಮಗೆ ಅದೇ ಸೀದಾ. 'ನನಗೆ ಆ ಹಾಡು ಹಿಡಿಸಿತು', 'ನನಗೆ ಆ ಹಾಡುಗಳು ಹಿಡಿಸಿದವು'. ಕ್ರಿಯಾಪದ ಹಾಡಿಗೆ ತಕ್ಕಂತೆ ಬದಲಾಯಿತು, ನನಗೆ ತಕ್ಕಂತೆ ಅಲ್ಲ. ಸ್ಪ್ಯಾನಿಷ್‌ನಲ್ಲೂ 'ಮೆ ಗುಸ್ತೊ ಲಾ ಕನ್ಸಿಯೊನ್', 'ಮೆ ಗುಸ್ತಾರೊನ್ ಲಾಸ್ ಕನ್ಸಿಯೊನೆಸ್'. ಗುಸ್ತಾರ್‌ನಲ್ಲಿ ಸಿಕ್ಕಿಹಾಕಿಕೊಂಡಾಗ 'ಹಿಡಿಸು' ನೆನಪಿಸಿಕೊಳ್ಳಿ. ಇನ್ನೊಂದು ವಿಷಯ, ಒಬ್ಬ ವ್ಯಕ್ತಿಗೆ ನೇರವಾಗಿ 'ಮೆ ಗುಸ್ತಾಸ್' ಅಂದರೆ ಪ್ರೇಮದ ವಾಸನೆ ಬರುತ್ತೆ. ಸ್ನೇಹದ ಇಷ್ಟಕ್ಕೆ 'ಮೆ ಕಯೆಸ್ ಬಿಯೆನ್' ಅನ್ನಿ.

ಗೊತ್ತು: ಸಾಬೆರ್, ಕೊನೊಸೆರ್, ಪೊದೆರ್

ಇಲ್ಲಿ ಕನ್ನಡ ಅರ್ಧ ಸಹಾಯ ಮಾಡುತ್ತೆ. ಉತ್ತರವೂ ಗೊತ್ತು, ಮನುಷ್ಯನೂ ಗೊತ್ತು, ಊರೂ ಗೊತ್ತು, ಎಲ್ಲಕ್ಕೂ ನಮ್ಮಲ್ಲಿ ಒಂದೇ ಪದ. ಹಾಗಾಗಿ 'ಗೊತ್ತು' ತೆಗೆದು 'ಪರಿಚಯ' ಹಾಕಿ ನೋಡಿ. ಕೂತರೆ ಕೊನೊಸೆರ್. ಮರಿಯಾ ಪರಿಚಯ: 'ಕೊನೊಸ್ಕೊ ಆ ಮರಿಯಾ'. ಊರಿನ ವಿಷಯಕ್ಕೆ 'ಕೊನೊಸ್ಕೊ ಲಿಮಾ' ಅಂದರೆ ಲಿಮಾಗೆ ಹೋಗಿದ್ದೇನೆ, ಓಡಾಡಿದ್ದೇನೆ ಅಂತ. ಲಿಮಾ ಪೆರುವಿನ ರಾಜಧಾನಿ ಅಂತ ಗೊತ್ತು ಅನ್ನೋಕೆ ಸಾಬೆರ್. ವಾಕ್ಯದಲ್ಲಿ 'ಅಂತ', 'ಎಲ್ಲಿ', 'ಯಾಕೆ', 'ಹೇಗೆ' ಇದ್ದರೆ ಯೋಚನೆ ಬೇಡ, ಸಾಬೆರ್.

ಭೂತಕಾಲದಲ್ಲಿ ಈ ಎರಡೂ ಸ್ವಲ್ಪ ಬಣ್ಣ ಬದಲಿಸುತ್ತವೆ. 'ಕೊನೊಸಿ' ಅಂದರೆ ಮೊದಲ ಸಲ ಭೇಟಿಯಾದೆ, ಪರಿಚಯವಾಯಿತು. 'ಸುಪೆ' ಅಂದರೆ ವಿಷಯ ಗೊತ್ತಾಯಿತು.

ಕೌಶಲಕ್ಕೆ ಬಂದರೆ ಕನ್ನಡ ಮತ್ತೆ ಪೂರ್ತಿ ಕೈಹಿಡಿಯುತ್ತೆ. ಈಜು ಬರುತ್ತೆ: 'ಸೆ ನದಾರ್'. ಈಜೋಕೆ ಆಗುತ್ತೆ: 'ಪ್ವೆದೊ ನದಾರ್'. ಕಲಿತಿದ್ದಕ್ಕೆ 'ಬರುತ್ತೆ', ಅದಕ್ಕೆ ಸಾಬೆರ್. ಸಂದರ್ಭ, ಶಕ್ತಿ, ಅನುಮತಿಗೆ 'ಆಗುತ್ತೆ', ಅದಕ್ಕೆ ಪೊದೆರ್. ಕಾಲು ಉಳುಕಿದೆ, ಇವತ್ತು ಈಜೋಕೆ ಆಗಲ್ಲ ಅನ್ನುವಾಗ 'ನೊ ಪ್ವೆದೊ'.

ಮೇಲೆ 'ಆ ಮರಿಯಾ' ಅಂತ ಬಂತಲ್ಲ, ಆ ಪುಟ್ಟ 'ಆ' ಯಾಕೆ ಅಂತ ಎಲ್ಲರೂ ಕೇಳುತ್ತಾರೆ. 'ಸಿನಿಮಾ ನೋಡಿದೆ' ಅನ್ನುತ್ತೇವೆ, ಆದರೆ 'ಹುವಾನ್ ನೋಡಿದೆ' ಅನ್ನಲ್ಲ, 'ಹುವಾನ್‌ನನ್ನ ನೋಡಿದೆ' ಅನ್ನಲೇಬೇಕು. ಮನುಷ್ಯರಿಗೆ ದ್ವಿತೀಯಾ ವಿಭಕ್ತಿ ಬಿಡೋಕಾಗಲ್ಲ, ವಸ್ತುವಿಗಾದರೆ ಬಿಡಬಹುದು. ಸ್ಪ್ಯಾನಿಷ್‌ನ 'ಆ' ಮಾಡೋದೂ ಅದೇ ಕೆಲಸ: 'ಬಿ ಉನಾ ಪೆಲಿಕುಲಾ', 'ಬಿ ಆ ಹುವಾನ್'.

ಕೇಳು: ಒಂದು ಪದ, ನಾಲ್ಕು ಕ್ರಿಯಾಪದ

ಕನ್ನಡಿಗರಿಗೆ ವಿಶೇಷವಾಗಿ ಕಾಡೋದು ಇದು. ನೀರು ಕೇಳಿದೆ, ದಾರಿ ಕೇಳಿದೆ, ಹಾಡು ಕೇಳಿದೆ, ಸದ್ದು ಕೇಳಿತು. ನಮಗೆ ಎಲ್ಲವೂ 'ಕೇಳು'. ಸ್ಪ್ಯಾನಿಷ್‌ಗೆ ಕ್ರಮವಾಗಿ 'ಪೆದಿರ್', 'ಪ್ರೆಗುಂತಾರ್', 'ಎಸ್ಕುಚಾರ್', 'ಓಯಿರ್'.

'ಕೇಳು' ಪಕ್ಕ ಇನ್ನೊಂದು ಪದ ಇಟ್ಟುಕೊಳ್ಳಿ. ಕೇಳಿ ಇಸ್ಕೊಳ್ಳೋದಾದರೆ ಪೆದಿರ್. ಕೇಳಿ ತಿಳ್ಕೊಳ್ಳೋದಾದರೆ ಪ್ರೆಗುಂತಾರ್. ಗಮನವಿಟ್ಟು ಕೇಳೋದಾದರೆ ಎಸ್ಕುಚಾರ್. ತಾನಾಗಿ ಕಿವಿಗೆ ಬಿದ್ದರೆ, ಅಂದರೆ 'ಕೇಳಿಸು' ಆದರೆ, ಓಯಿರ್.

ಹೋಟೆಲಿನಲ್ಲಿ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ವೇಟರ್ ಹತ್ತಿರ ಇವತ್ತು ಏನು ವಿಶೇಷ ಅಂತ ಕೇಳುತ್ತೀರಿ, ಅದು ಪ್ರೆಗುಂತಾರ್, ನಿಮಗೆ ಬೇಕಿರೋದು ಉತ್ತರ. ಆಮೇಲೆ ಸೂಪ್ ಕೇಳುತ್ತೀರಿ, ಅದು ಪೆದಿರ್, ನಿಮಗೆ ಬೇಕಿರೋದು ಸೂಪ್. ಆರ್ಡರ್ ಮಾಡೋದಕ್ಕೂ ಇದೇ ಪದ. ಬಿಲ್ ಕೇಳೋದೂ ಪೆದಿರ್, ಬಿಲ್ ಎಷ್ಟಾಯ್ತು ಅಂತ ಕೇಳೋದು ಪ್ರೆಗುಂತಾರ್. ಸಹಾಯ, ಕ್ಷಮೆ, ಸಾಲ, ರಜೆ, ಇವೆಲ್ಲ ಇಸ್ಕೊಳ್ಳೋವೇ, ಆದ್ದರಿಂದ ಪೆದಿರ್. ಆದರೆ 'ಪ್ರಶ್ನೆ ಕೇಳು' ಅನ್ನೋದಕ್ಕೆ ಎರಡೂ ಅಲ್ಲ, 'ಅಸೆರ್ ಉನಾ ಪ್ರೆಗುಂತಾ', ಪ್ರಶ್ನೆ 'ಮಾಡೋದು'. ಇನ್ನು 'ಅಮ್ಮನ ಮಾತು ಕೇಳು' ಅನ್ನುತ್ತೇವಲ್ಲ, ಅದು ಬೇರೆಯೇ: 'ಅಸೆರ್ ಕಾಸೊ'.

ಓಯಿರ್ ಮತ್ತು ಎಸ್ಕುಚಾರ್ ನಡುವಿನ ಗೆರೆ ಅಷ್ಟು ಗಟ್ಟಿಯಲ್ಲ. ಫೋನಿನಲ್ಲಿ ಸರಿಯಾಗಿ ಕೇಳಿಸದಿದ್ದಾಗ ಲ್ಯಾಟಿನ್ ಅಮೆರಿಕದಲ್ಲಿ ಎಷ್ಟೋ ಜನ 'ನೊ ತೆ ಎಸ್ಕುಚೊ' ಅಂತಲೇ ಹೇಳುತ್ತಾರೆ. ನೀವು 'ನೊ ತೆ ಓಯ್ಗೊ' ಅನ್ನಿ, ಎಲ್ಲ ಕಡೆ ನಡೆಯುತ್ತೆ. ಕಾಣಿಸೋದಕ್ಕೆ 'ಬೆರ್', ದಿಟ್ಟಿಸಿ ನೋಡೋದಕ್ಕೆ 'ಮಿರಾರ್' ಅನ್ನೋದೂ ಇದೇ ಥರ, ಸಿನಿಮಾಗೆ ಮಾತ್ರ 'ಬೆರ್' ರೂಢಿ.

ಬಂದೆ ಬಂದೆ!

ಯಾರಾದರೂ ಒಳಗಿನಿಂದ ಕೂಗಿದರೆ 'ಬಂದೆ' ಅನ್ನುತ್ತೇವೆ. ಸ್ಪ್ಯಾನಿಷ್‌ನವರು 'ಬೊಯ್' ಅನ್ನುತ್ತಾರೆ, ಅಂದರೆ 'ಹೋಗ್ತೀನಿ'. ಮಾತಾಡೋ ಕ್ಷಣದಲ್ಲಿ ನೀವು ಎಲ್ಲಿದ್ದೀರೋ ಆ ಕಡೆಗೆ ಆಗೋ ಚಲನೆಗೆ ಮಾತ್ರ 'ಬೆನಿರ್', ಅಲ್ಲಿಂದ ಆಚೆಗೆಲ್ಲ 'ಇರ್'. ಹಾಗಾಗಿ ಫೋನಿನಲ್ಲಿ 'ಸಂಜೆ ನಿಮ್ಮನೆಗೆ ಬರ್ತೀನಿ' ಅನ್ನೋದು 'ಬೊಯ್ ಆ ತು ಕಾಸಾ'. ತರೋದು, ಒಯ್ಯೋದು ಇದೇ ಲೆಕ್ಕ. 'ಪಾರ್ಟಿಗೆ ಸ್ವೀಟ್ ತರ್ತೀನಿ' ಅಂತ ನಿಮ್ಮ ಮನೆಯಿಂದ ಹೇಳುವಾಗ 'ತ್ರಾಯೆರ್' ಅಲ್ಲ, 'ಯೆಬಾರ್'. ಹೊರಡುವಾಗ ನಾವು 'ಬರ್ತೀನಿ' ಅನ್ನುತ್ತೇವೆ, ಹೋಗ್ತೀನಿ ಅನ್ನೋದು ನಮ್ಮ ಕಡೆ ಅಪಶಕುನ. ಅಲ್ಲಿ ಧೈರ್ಯವಾಗಿ 'ಮೆ ಬೊಯ್' ಅನ್ನಿ. ಈ ಒಂದು ಜೋಡಿಯಲ್ಲಿ ಕನ್ನಡವನ್ನು ನಂಬಲೇಬೇಡಿ.

'ಸೆ' ಅಂದರೆ ಕೊಳ್ಳು, ಕೆಲವು ಸಲ ಬಿಡು

ಕಾರು ತೊಳೀತೀನಿ: 'ಲಾಬೊ ಎಲ್ ಕೊಚೆ'. ಕೈ ತೊಳ್ಕೋತೀನಿ: 'ಮೆ ಲಾಬೊ ಲಾಸ್ ಮಾನೊಸ್' ('ನಾನು' ಆದಾಗ 'ಸೆ' ಬದಲು 'ಮೆ'). 'ನನ್ನ ಕೈ' ಅಂತ ನಾವು ಹೇಳಲ್ಲ, ಅವರೂ ಹೇಳಲ್ಲ. ಮಗುವಿಗೆ ಅಂಗಿ ಹಾಕೋದು 'ಪೊನೆರ್', ನಾವೇ ಹಾಕ್ಕೊಳ್ಳೋದು 'ಪೊನೆರ್ಸೆ'. ಸ್ವಲ್ಪ ಅನ್ನ ಉಳಿದಿದೆ ಅನ್ನೋಕೆ 'ಕೆದಾರ್', ಇವತ್ತು ಮನೇಲೇ ಉಳ್ಕೋತೀನಿ ಅನ್ನೋಕೆ 'ಕೆದಾರ್ಸೆ'. ಎಷ್ಟು ಚೆನ್ನಾಗಿ ಕೂತ್ಕೊಳ್ಳುತ್ತೆ ಅಲ್ವಾ!

'ಕೊಳ್ಳು' ಹೊಂದದ ಕಡೆ 'ಬಿಡು' ಅಥವಾ 'ಹೋಗು' ಹಾಕಿ ನೋಡಿ. ಕೇಕ್ ತಿಂದ ಅನ್ನೋದಕ್ಕೆ 'ಕೊಮಿಯೊ', ಪೂರ್ತಿ ಕೇಕ್ ತಿಂದುಬಿಟ್ಟ ಅನ್ನೋದಕ್ಕೆ 'ಸೆ ಕೊಮಿಯೊ'. ಬಿದ್ದುಬಿಟ್ಟ: 'ಸೆ ಕಯೊ'. ನನಗೆ ಮರೆತುಹೋಯ್ತು: 'ಸೆ ಮೆ ಒಲ್ಬಿದೊ'. ಈ ಕೊನೆಯದರಲ್ಲಿ 'ನನಗೆ' ಕೂಡ ಇದೆ ನೋಡಿ, ಅದೇ 'ಮೆ'. ಬೇಕಂತ ಮರೆತಿದ್ದಲ್ಲ, ತಾನಾಗಿ ಆಗಿದ್ದು ಅನ್ನೋ ಭಾವ ಎರಡೂ ಭಾಷೆಯಲ್ಲಿ ಒಂದೇ.

'ದೆಹಾರ್' ಅನ್ನೋ ಪದವನ್ನಂತೂ ಕನ್ನಡಿಗರು ಕಣ್ಣುಮುಚ್ಚಿ ಕಲಿಯಬಹುದು. ಸಿಗರೇಟು ಸೇದೋದು ಬಿಟ್ಟ: 'ದೆಹೊ ದೆ ಫುಮಾರ್'. ಸಿಗರೇಟು ಸೇದೋಕೆ ಬಿಟ್ಟ, ಅಂದರೆ ಬೇರೆಯವರಿಗೆ ಅನುಮತಿ ಕೊಟ್ಟ: 'ದೆಹೊ ಫುಮಾರ್'. ಒಂದು ಪುಟ್ಟ 'ದೆ' ಇದ್ದರೆ 'ಸೇದೋದು', ಇಲ್ಲದಿದ್ದರೆ 'ಸೇದೋಕೆ'.

ಆಗು: ಇದಕ್ಕೆ ಮಾತ್ರ ಸಮಯ ಕೊಡಿ

ಸ್ಪ್ಯಾನಿಷ್‌ನಲ್ಲಿ 'ಆಗು' ಅನ್ನೋಕೆ ಒಂದು ಪದ ಇಲ್ಲ. ಮುಖ ಕೆಂಪಾಯ್ತು, ಕೋಪ ಬಂತು, ಇಂಥ ಸ್ವಲ್ಪ ಹೊತ್ತಿನ ಬದಲಾವಣೆಗೆ 'ಪೊನೆರ್ಸೆ': 'ಸೆ ಪುಸೊ ರೊಹೊ'. ಓದಿ, ದುಡಿದು ಡಾಕ್ಟರ್ ಆದ ಅನ್ನೋಕೆ 'ಅಸೆರ್ಸೆ': 'ಸೆ ಇಸೊ ಮೆದಿಕೊ'. ಮನುಷ್ಯನೇ ಬದಲಾಗಿಬಿಟ್ಟ, ಹುಚ್ಚನಾದ, ಜಿಪುಣನಾದ ಅನ್ನೋಕೆ 'ಬೊಲ್ಬೆರ್ಸೆ': 'ಸೆ ಬೊಲ್ಬಿಯೊ ಲೊಕೊ'. ಏನೋ ಆಗಿ ಕೊನೆಗೆ ಹಾಗೇ ಉಳಿದುಬಿಟ್ಟ, ಕಣ್ಣು ಹೋಯ್ತು, ಒಂಟಿಯಾದ ಅನ್ನೋಕೆ 'ಕೆದಾರ್ಸೆ': 'ಸೆ ಕೆದೊ ಸಿಯೆಗೊ'. 'ನನಗೆ 30 ಆಯ್ತು' ಅನ್ನೋದು 'ಕುಂಪ್ಲಿ ತ್ರೆಯ್ಂತಾ', 'ಮದುವೆ ಆದೆ' ಅನ್ನೋದು 'ಮೆ ಕಸೆ', ಕೆಲಸ ಮುಗಿಸಿ 'ಆಯ್ತು' ಅಂತೀವಲ್ಲ, ಅದು 'ಯಾ ಎಸ್ತಾ'. ಮೊದಲ ನಾಲ್ಕರ ಗಡಿಗಳು ಒಂದರ ಮೇಲೊಂದು ಹಾಯುತ್ತವೆ, ಒಂದೇ ವಾರದಲ್ಲಿ ಬರಲಿ ಅಂತ ಒದ್ದಾಡಬೇಡಿ. ಓದುವಾಗ ಸಿಕ್ಕ ವಾಕ್ಯಗಳನ್ನು ಹಾಗ್ಹಾಗೇ ಬರೆದಿಟ್ಟುಕೊಳ್ಳಿ.

ಅಭ್ಯಾಸ

ನೋಟ್‌ಬುಕ್ಕಿನ ಎಡಕ್ಕೆ ಕನ್ನಡ ವಾಕ್ಯ, ಬಲಕ್ಕೆ ಸ್ಪ್ಯಾನಿಷ್ ವಾಕ್ಯ, ಮಧ್ಯೆ ಇಂಗ್ಲಿಷ್ ಬೇಡ. ಬಿಡಿ ಪದಗಳ ಪಟ್ಟಿ ಮಾಡಬೇಡಿ, ಅದು ಈ ವಿಷಯದಲ್ಲಿ ಸುಮ್ನೆ ಶ್ರಮ. ಎಡಗಡೆಯ ವಾಕ್ಯ ನಿಮ್ಮ ಮನೆಯಲ್ಲಿ ಆಡೋ ಕನ್ನಡದಲ್ಲೇ ಇರಲಿ, ಪಠ್ಯಪುಸ್ತಕದ ಕನ್ನಡ ಬರೆದರೆ ಕೊಳ್ಳು, ಬಿಡು, ಇಸ್ಕೋ ಎಲ್ಲ ಮಾಯವಾಗಿ ಸುಳಿವೇ ಸಿಗಲ್ಲ. ಅನುಮಾನ ಬಂದರೆ ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿಯ ನಿಘಂಟು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತೆ. 1713ರಲ್ಲಿ ಶುರುವಾದ ಸಂಸ್ಥೆ ಅದು. ಪೂರ್ತಿ ಸ್ಪ್ಯಾನಿಷ್‌ನಲ್ಲೇ ಇರೋದರಿಂದ ಮೊದಲು ಕಷ್ಟ ಅನಿಸಬಹುದು, ಆದರೆ ಅದರಲ್ಲಿನ ಉದಾಹರಣೆಗಳಿಗೋಸ್ಕರವಾದರೂ ತೆರೆದು ನೋಡಿ.

ಕೆಲವು ರೂಪಗಳು ಮಾತ್ರ ಎಷ್ಟು ಯೋಚಿಸಿದರೂ ಒಂದೇ ಥರ ಕಾಣುತ್ತವೆ. 'ಫುಯಿ' ಅಂದರೆ ಹೋದೆ ಅಂತಲೂ ಹೌದು, ಆಗಿದ್ದೆ ಅಂತಲೂ ಹೌದು, ಇರ್ ಮತ್ತು ಸೆರ್ ಎರಡರ ಭೂತಕಾಲವೂ ಅದೇ. 'ಕ್ರೆಯೊ' ಅಂದರೆ ನಂಬುತ್ತೇನೆ ಅಥವಾ ಸೃಷ್ಟಿಸುತ್ತೇನೆ. 'ಮೆ ಸಿಯೆಂತೊ' ಅಂದರೆ ಕೂತ್ಕೋತೀನಿ ಅಥವಾ ನನಗೆ ಹೀಗೆ ಅನಿಸ್ತಿದೆ. ಇವಕ್ಕೆ ಸೂತ್ರ ಹುಡುಕಬೇಡಿ, ಪಕ್ಕದ ಪದ ನೋಡಿ. 'ಮೆ ಸಿಯೆಂತೊ' ಆದಮೇಲೆ 'ಆಕಿ', ಅಂದರೆ ಇಲ್ಲಿ, ಅಂತ ಬಂದರೆ ಕೂರೋದು. 'ಬಿಯೆನ್', 'ಮಾಲ್' ಬಂದರೆ ಹೇಗಿದ್ದೀನಿ ಅನ್ನೋದು.